ಗೀರು ಬಿದ್ದ ಮಸೂರ



ಮನೆಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ ‘ಇದನ್ನು ಕೆಡಿಸಿದವರು ಯಾರು?’ ಎಂಬುದು. ‘ಎಷ್ಟು ಕೆಟ್ಟಿದೆ?’ ಎಂಬ ಪ್ರಶ್ನೆ ಅದರ ಹಿಂದೆ ಬರುತ್ತದೆ. ‘ಸರಿಪಡಿಸುವ ಬಗೆ ಹೇಗೆ?’ ಎಂಬುದು ಅದಕ್ಕೂ ಹಿಂದೆ. ಈ ಕ್ರಮವನ್ನು ಹಿಂದುಮುಂದಾಗಿಸಿದರೆ ಎಷ್ಟೋ ಮನೆಗಳಲ್ಲಿ ವಸ್ತುಗಳೂ ಉಳಿದಾವು, ಮನಸ್ಸುಗಳೂ ಉಳಿದಾವು. ಕಳೆದ ವರ್ಷ ನಮ್ಮ ಓಣಿಯ ಒಂದು ಮನೆಯಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ಈ ತಿಂಗಳು ತಮ್ಮ ಮುಂದಿಡುತ್ತೇನೆ. ಇದು ಕ್ಯಾಮೆರಾದ ಕಥೆ. ಕ್ಯಾಮೆರಾ ಇಲ್ಲದ ಮನೆಯವರೂ ಓದಬಹುದು. ಇಂದು ಮೊಬೈಲ್ ಇಲ್ಲದ ಮನೆಯಿಲ್ಲ, ಮಸೂರವಿಲ್ಲದ ಮೊಬೈಲೂ ಇಲ್ಲ.

ಆ ಮನೆಯ ಜಗಲಿಯ ಮೇಲೆ ನಾಲ್ಕು ತಲೆಮಾರುಗಳಿಂದ ಒಂದು ಓಲೆಗರಿಯ ಕಟ್ಟು ಪೂಜೆಗೊಳ್ಳುತ್ತಿದೆ. ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಆ ಕಟ್ಟಿಗೆ ವಿಭೂತಿ ಪತ್ರಿಗಳು ತಪ್ಪದೆ ಸಲ್ಲುತ್ತಿದ್ದವು. ಬಿಚ್ಚಿ ಓದಿದವರು ಮಾತ್ರ ಯಾರೂ ಇರಲಿಲ್ಲ. ಮನೆಯ ಮಗಳು ಕನ್ನಡ ಎಂ.ಎ. ಓದುತ್ತಿರುವವಳು. ರಜೆಯಲ್ಲಿ ಬಂದು ಕಟ್ಟನ್ನು ಬಿಚ್ಚಿ ನೋಡಿದಾಗ ಅಂಚಿನ ಗರಿಗಳು ಪುಡಿಯಾಗತೊಡಗಿದ್ದವು, ಹುಳು ಕೊರೆದ ರಂಧ್ರಗಳೂ ಇದ್ದವು. ಉಳಿದಿರುವಷ್ಟನ್ನು ಛಾಯಾಚಿತ್ರದಲ್ಲಿ ಹಿಡಿದಿಡಬೇಕೆಂದು ಆಕೆ ತನ್ನ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಹಳೆಯ ಕ್ಯಾಮೆರಾವೊಂದನ್ನು ಕೊಂಡಳು. ಅದಕ್ಕೆ 50 ಮಿಲಿಮೀಟರ್ ನಾಭಿದೂರದ ಒಂದೇ ಒಂದು ಲೆನ್ಸು.

ಶ್ರಾವಣದ ಕಡೆಯ ಸೋಮವಾರ ಮಠದ ತೇರು. ಒಂಬತ್ತನೆಯ ತರಗತಿಯಲ್ಲಿ ಓದುವ ತಮ್ಮ, ಅಕ್ಕನನ್ನು ಕೇಳದೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೋದ. ತೇರಿನ ಬೀದಿಯ ಧೂಳು, ತೇರಿಗೆ ಎಸೆದ ಬಾಳೆಹಣ್ಣಿನ ಅಂಟು, ಯಾರದೋ ಕೈಯ ವಿಭೂತಿ ಎಲ್ಲವೂ ಲೆನ್ಸಿನ ಮೇಲೆ ಕುಳಿತವು. ಹುಡುಗ ಅಂಗಿಯ ತುದಿಯಿಂದ ಚೆನ್ನಾಗಿ ತಿಕ್ಕಿ ಒರೆಸಿದ. ಮನೆಗೆ ಬಂದು ದೀಪಕ್ಕೆ ಹಿಡಿದು ನೋಡಿದರೆ ಗಾಜಿನ ಮೇಲೆ ಜವೆಗೋಧಿಯ ಕಾಳಿನಷ್ಟು ಉದ್ದದ ಗೀರು! ಹೆದರಿದ. ಯಾರಿಗೂ ಹೇಳಲಿಲ್ಲ. ಕೈಗಡಿಯಾರದ ಮುಚ್ಚಳದ ಗೀರುಗಳು ಹಲ್ಲುಜ್ಜುವ ಪೇಸ್ಟಿನಿಂದ ಹೋಗುತ್ತವೆಂದು ಯಾರಿಂದಲೋ ಕೇಳಿದ್ದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪೇಸ್ಟು ಹಚ್ಚಿ ಅರ್ಧ ಗಂಟೆ ತಿಕ್ಕಿದ. ಗೀರು ಹೋಗಲಿಲ್ಲ, ಅದರ ಸುತ್ತ ಹೆಬ್ಬೆರಳಿನ ಉಗುರಿನಷ್ಟು ಜಾಗ ಮಂಜು ಕವಿದಂತೆ ಮಸುಕಾಯಿತು.

ಮರುದಿನ ಅಕ್ಕ ಕಂಡಳು. ಆಮೇಲೆ ಆದದ್ದನ್ನು ತಾವು ಊಹಿಸಬಲ್ಲಿರಿ. ಒಂದು ವಾರದ ಬಳಿಕ ಅವರ ತಾಯಿ ಮಕ್ಕಳಿಬ್ಬರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. “ಶಾಸ್ತ್ರಿಗಳೆ, ಇಬ್ಬರೂ ಎಂಟು ದಿನದಿಂದ ಮಾತು ಬಿಟ್ಟಾರ್ರಿ. ಓಲಿ ಕಟ್ಟು ಬಿಚ್ಚಿದ್ದು ಹಂಗs ಐತಿ. ನೀವರ ಏನಾರ ಹೇಳ್ರಿ,” ಎಂದರು. ಹುಡುಗ ತಲೆಯೆತ್ತಲಿಲ್ಲ.

ಓಲೆಗರಿಯ ವಿಷಯದಲ್ಲಿ ನನಗೆ ಅಷ್ಟಿಷ್ಟು ಪರಿಚಯವುಂಟು. ಕ್ಯಾಮೆರಾದ ವಿಷಯ ನನ್ನದಲ್ಲ. ಆದುದರಿಂದ ಊರಿನಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ ನನ್ನ ಹಿರಿಯ ಮಿತ್ರರೊಬ್ಬರಲ್ಲಿಗೆ ಎಲ್ಲರೂ ಹೋದೆವು. ಅವರು ಹುಡುಗನನ್ನು ಏನೂ ಕೇಳಲಿಲ್ಲ. ಕೋಣೆಯ ದೀಪ ಆರಿಸಿ, ಲೆನ್ಸನ್ನು ಕಳಚಿ, ಸಣ್ಣ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ಬಹಳ ಹೊತ್ತು ನೋಡಿದರು. ಅಂದು ಅವರಿಂದ ಕಲಿತುದನ್ನೂ, ಆ ಬಳಿಕ ಓದಿ ತಿಳಿದುದನ್ನೂ ಮನೆಮನೆಗೂ ಉಪಯೋಗವಾಗಲೆಂದು ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದು, ಗೀರೆಂದು ಕಂಡುದೆಲ್ಲ ಗೀರಲ್ಲ. ಎಷ್ಟೋ ಜನ ಲೆನ್ಸಿನ ಮುಂದೆ ರಕ್ಷಣೆಗೆಂದು ಒಂದು ಚಪ್ಪಟೆ ಗಾಜಿನ ಫಿಲ್ಟರ್ ತಿರುಗಿಸಿ ಕೂಡಿಸಿರುತ್ತಾರೆ. ಗೀರು ಅದರ ಮೇಲಿದ್ದರೆ ಅದನ್ನು ತಿರುವಿ ತೆಗೆದರೆ ತೀರಿತು. ಕೆಲವು ಸಲ ಕಾಣುವುದು ಎಣ್ಣೆಯ ಗೆರೆಯಾಗಿರುತ್ತದೆ, ಒರೆಸಿದರೆ ಹೋಗುತ್ತದೆ. ಜೇಡರ ಬಲೆಯ ಎಳೆಗಳಂತೆ ಕವಲೊಡೆದು ಗಾಜಿನ ಒಳಮೈಯಲ್ಲಿ ಹಬ್ಬಿದ್ದರೆ ಅದು ಬೂಷ್ಟು. ಅದನ್ನು ರಿಪೇರಿ ಬಲ್ಲವರೇ ಬಿಚ್ಚಿ ತೆಗೆಯಬೇಕು. ಈ ಹುಡುಗನ ಲೆನ್ಸಿಗೆ ಫಿಲ್ಟರ್ ಇರಲಿಲ್ಲ. ಗೀರು ನಿಜವಾದ ಗೀರೇ ಆಗಿತ್ತು.

ಬಟ್ಟೆಯಿಂದ ಗಾಜಿಗೆ ಗೀರು ಬೀಳುವುದೆಂತು? ಗೀರುವುದು ಬಟ್ಟೆಯಲ್ಲ, ಬಟ್ಟೆಗೂ ಗಾಜಿಗೂ ನಡುವೆ ಸಿಕ್ಕ ಮರಳಿನ ಕಣ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪನದಲ್ಲಿ ಸಾಮಾನ್ಯ ಗಾಜಿನ ಸ್ಥಾನ ಸುಮಾರು 5.5, ಮರಳಿನಲ್ಲಿರುವ ಬೆಣಚುಕಲ್ಲಿನ ಸ್ಥಾನ 7. ಮೆದುವಾದದ್ದನ್ನು ಗಡುಸಾದದ್ದು ಗೀರುವುದು ಸಹಜವಷ್ಟೆ. ನಾವು ಪವಿತ್ರವೆಂದು ಧರಿಸುವ ಭಸ್ಮವೂ ಗಾಜಿನ ಪಾಲಿಗೆ ಧೂಳೇ. ಹುಲ್ಲು ತಿಂದ ಹಸುವಿನ ಸಗಣಿಯ ಬೂದಿಯಲ್ಲಿ ಸಿಲಿಕಾದ ಅಂಶ ಹೇರಳವಾಗಿರುತ್ತದೆ. ಪೂಜೆಯ ಫೋಟೊ ತೆಗೆಯುವವರು ವಿಭೂತಿಯ ಕೈಯಿಂದ ಲೆನ್ಸನ್ನು ಮುಟ್ಟಬಾರದು. ಮುಟ್ಟಿದರೆ ಒಣಬಟ್ಟೆಯಿಂದ ತಿಕ್ಕಬಾರದು.

ಎರಡನೆಯದು, ಗೀರನ್ನು ಮನೆಯಲ್ಲಿ ಉಜ್ಜಿ ತೆಗೆಯಲು ಬರುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಉಪಾಯ ಹೇಳುವವರು ಬಹಳ. ಗಡಿಯಾರದ ಪ್ಲಾಸ್ಟಿಕ್ ಮುಚ್ಚಳಕ್ಕೆ ಸಲ್ಲುವ ಉಪಾಯ ಲೆನ್ಸಿಗೆ ಸಲ್ಲದು. ಲೆನ್ಸಿನ ಗಾಜಿನ ಮೇಲೆ ಕಣ್ಣಿಗೆ ನೇರಳೆ ಅಥವಾ ಹಸಿರು ಛಾಯೆಯಾಗಿ ಕಾಣುವ ಒಂದು ಲೇಪವಿರುತ್ತದೆ. ಮೆಗ್ನೀಸಿಯಂ ಫ್ಲೋರೈಡಿನ ಒಂದು ಪದರದ ಲೇಪವಾದರೆ ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ ಮಾತ್ರ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಆರು ಗಾಜುಗಳು ಬಿಡಿಬಿಡಿಯಾಗಿ ನಿಂತ ಲೆನ್ಸಿನಲ್ಲಿ ಹನ್ನೆರಡು ಮೈಗಳು. ಎಲ್ಲವನ್ನೂ ದಾಟುವಷ್ಟರಲ್ಲಿ ಬೆಳಕು ನೂರಕ್ಕೆ 61ಕ್ಕೆ ಇಳಿಯುತ್ತದೆ. ಕಳೆದುಹೋದ ಬೆಳಕು ಸುಮ್ಮನಿರದೆ ಒಳಗೇ ಅಲೆದಾಡಿ ಚಿತ್ರವನ್ನು ಮಸುಕುಗೊಳಿಸುತ್ತದೆ. ಇದನ್ನು ತಡೆಯುವುದೇ ಲೇಪದ ಕೆಲಸ.

ಈ ಲೇಪದ ಇತಿಹಾಸವೂ ಸ್ವಾರಸ್ಯಕರ. 1892ರ ಸುಮಾರಿಗೆ ಇಂಗ್ಲೆಂಡಿನ ಮಸೂರ ರಚಕ ಡೆನ್ನಿಸ್ ಟೇಲರ್ ಎಂಬುವರು, ವರ್ಷಗಳು ಕಳೆದು ಮೇಲ್ಮೈ ಬಣ್ಣಗೆಟ್ಟ ಹಳೆಯ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುವುದನ್ನು ಗಮನಿಸಿದರು. ಎಲ್ಲರೂ ದೋಷವೆಂದುಕೊಂಡಿದ್ದ ಕಲೆಯಲ್ಲಿ ಗುಣವೊಂದು ಅಡಗಿತ್ತು! 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಅವರು ನಿರ್ವಾತದಲ್ಲಿ ಗಾಜಿನ ಮೇಲೆ ಇಂಥ ಪದರವನ್ನು ಕೂಡಿಸುವ ವಿಧಾನವನ್ನು ರೂಪಿಸಿದರು. ಹಲ್ಲುಜ್ಜುವ ಪೇಸ್ಟಿನಲ್ಲಿ ಸುಣ್ಣಕಲ್ಲಿನ ಅಥವಾ ಸಿಲಿಕಾದ ನುಣ್ಣನೆಯ ಪುಡಿ ಇರುತ್ತದೆ. ನಮ್ಮ ಹುಡುಗ ಅರ್ಧ ಗಂಟೆ ತಿಕ್ಕಿ ಸವೆಸಿದ್ದು ಈ ಲೇಪವನ್ನು. ಮತ್ತೆ ಲೇಪ ಕೂಡಿಸುವುದು ಮನೆಯ ಕೆಲಸವಲ್ಲ.

ಗಾಜನ್ನೇ ಹೊಳಪು ಮಾಡುವ ಸೀರಿಯಂ ಆಕ್ಸೈಡ್ ಪುಡಿ ತಂದು ತಿಕ್ಕಿದರೆ? ಕಾರ್ಖಾನೆಯಲ್ಲಿ ಮಸೂರಗಳಿಗೆ ಹೊಳಪು ಕೊಡುವುದು ಆ ಪುಡಿಯಿಂದಲೇ ನಿಜ. ಆದರೆ ಅಲ್ಲಿ ಮಸೂರದ ಬಾಗನ್ನು ಬೆಳಕಿನ ಒಂದು ಅಲೆಯ ಉದ್ದದ ಅಂಶಗಳಲ್ಲಿ ಅಳೆದು ಕಾಯುತ್ತಾರೆ. ಗೀರಿನ ಆಳ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವಿದೆಯೆನ್ನಿ. ಅದು ಹಸಿರು ಬೆಳಕಿನ ಅಲೆಯುದ್ದದ ಸುಮಾರು ಹದಿನೆಂಟು ಪಟ್ಟು. ಗೀರು ಮಾಯವಾಗಬೇಕಾದರೆ ಇಡೀ ಮೈಯನ್ನು ಅಷ್ಟೂ ಆಳಕ್ಕೆ ಒಂದೇ ಸಮನಾಗಿ ಇಳಿಸಬೇಕು. ಬೆರಳಿನಿಂದ ತಿಕ್ಕಿದರೆ ಗೀರಿದ್ದಲ್ಲಿ ತಗ್ಗು ಬೀಳುತ್ತದೆ, ಮಸೂರ ಮಸೂರವಾಗಿ ಉಳಿಯುವುದಿಲ್ಲ.

ಮೂರನೆಯ ಮಾತನ್ನು ಕೇಳಿದಾಗ ಅಕ್ಕನ ಮುಖ ಮೊದಲ ಬಾರಿಗೆ ಸಡಿಲಾಯಿತು. ಗೀರು ಚಿತ್ರದಲ್ಲಿ ಗೀರಾಗಿ ಮೂಡುವುದಿಲ್ಲ ಎಂಬುದೇ ಆ ಮಾತು. ನಂಬದ ಅವಳಿಗೆ ಸ್ಟುಡಿಯೊದ ಹಿರಿಯರು ಬಿಳಿಗೋಡೆಯ ಚಿತ್ರವೊಂದನ್ನು ತೆಗೆದು ತೋರಿಸಿದರು. ಗೋಡೆ ಶುಭ್ರವಾಗಿತ್ತು. ಕಾರಣವಿಷ್ಟೆ: ಎದುರಿನ ವಸ್ತುವಿನ ಒಂದೊಂದು ಬಿಂದುವಿನಿಂದ ಹೊರಟ ಬೆಳಕೂ ಲೆನ್ಸಿನ ಇಡೀ ಬಾಯಿಯನ್ನು ತುಂಬಿಕೊಂಡು ಒಳಹೊಕ್ಕು ಮತ್ತೆ ಒಂದು ಬಿಂದುವಾಗಿ ಕೂಡುತ್ತದೆ. ಮುಂಭಾಗದ ಗೀರು ಎಲ್ಲ ಬಿಂದುಗಳಿಂದಲೂ ಒಂದಿಷ್ಟಿಷ್ಟು ಕದಿಯುತ್ತದೆಯೇ ಹೊರತು ಯಾವೊಂದು ಬಿಂದುವನ್ನೂ ನುಂಗುವುದಿಲ್ಲ. ಮಠದ ವಟುಗಳು ಕಂತಿಭಿಕ್ಷೆಗೆ ಹೊರಟಾಗ ಮನೆಗೊಂದು ಹಿಡಿಯಂತೆ ಜೋಳಿಗೆ ತುಂಬುತ್ತದೆ, ಯಾವ ಮನೆಯ ಒಲೆಯೂ ಆರುವುದಿಲ್ಲವಷ್ಟೆ, ಹಾಗೆ. ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಫ್/1.8ರಲ್ಲಿ ಈ ಲೆನ್ಸಿನ ಬೆಳಕಿನ ದ್ವಾರ ಸುಮಾರು 28 ಮಿಲಿಮೀಟರ್ ಅಗಲ, ಕ್ಷೇತ್ರ 600 ಚದರ ಮಿಲಿಮೀಟರಿಗಿಂತ ತುಸು ಹೆಚ್ಚು. 6 ಮಿಲಿಮೀಟರ್ ಉದ್ದ, ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಅಗಲದ ಗೀರು ಆವರಿಸುವುದು ಅದರ ಎರಡು ಸಾವಿರದಲ್ಲೊಂದು ಪಾಲನ್ನು.

ಹಾಗೆಂದು ಗೀರು ನಿರುಪದ್ರವಿಯಲ್ಲ. ಸೂರ್ಯ, ಕಿಟಕಿ, ದೀಪ ಮುಂತಾದ ಬಲವಾದ ಬೆಳಕು ಎದುರಿನಿಂದ ಬಿದ್ದಾಗ ಗೀರಿನ ಅಂಚುಗಳು ಅದನ್ನು ಎಲ್ಲ ಕಡೆಗೂ ಚೆದುರಿಸುತ್ತವೆ. ಚಿತ್ರದ ಮೇಲೆ ತೆಳುವಾದ ಹೊಗೆ ಹಬ್ಬಿದಂತಾಗುತ್ತದೆ. ದ್ವಾರವನ್ನು ಎಫ್/16ರಷ್ಟು ಕಿರಿದು ಮಾಡಿದರೆ ಗೀರಿನ ಪಾಲು ದೊಡ್ಡದಾಗುತ್ತದೆ. ಲೆನ್ಸಿನ ಹಿಂಬದಿಯ ಗಾಜಿನಲ್ಲಿ ಗೀರು ಬಿದ್ದರೆ ಮುಂದಿನದಕ್ಕಿಂತ ಹೆಚ್ಚು ಬಾಧಕ, ಏಕೆಂದರೆ ಅದು ಚಿತ್ರ ಮೂಡುವ ಸ್ಥಳಕ್ಕೆ ಹತ್ತಿರ.

ಇನ್ನು ಮನೆಯಲ್ಲಿ ಮಾಡಬಹುದಾದುದೇನು? ಮೊದಲು ಶುಚಿ. ರಬ್ಬರಿನ ಗಾಳಿಬುರುಡೆಯಿಂದ ಧೂಳನ್ನು ಹಾರಿಸಬೇಕು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಉಳಿದುದನ್ನು ಮೃದುವಾದ ಕುಂಚದಿಂದ ತೆಗೆಯಬೇಕು. ಮರಳಿನ ಕಣವೊಂದೂ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಲೆನ್ಸಿನ ಕಾಗದಕ್ಕೋ ಶುದ್ಧವಾದ ಮೈಕ್ರೊಫೈಬರ್ ಬಟ್ಟೆಗೋ ಲೆನ್ಸಿನ ದ್ರಾವಣದ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದೆರಡು ಹನಿ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಸುತ್ತುತ್ತ ಒರೆಸಬೇಕು. ಹನಿಯನ್ನು ನೇರವಾಗಿ ಗಾಜಿನ ಮೇಲೆ ಹಾಕಿದರೆ ಅಂಚಿನಿಂದ ಒಳಗಿಳಿಯುತ್ತದೆ. ಪಂಚೆ, ಸೆರಗು, ಅಂಗಿಯ ತುದಿಗಳು ಬೇಡ.

ಕೂದಲಿನಂಥ ಸಣ್ಣ ಗೀರುಗಳನ್ನು ಹಾಗೆಯೇ ಬಿಡುವುದು ಜಾಣತನ. ಆಳವಾದ ಗೀರು ಅಥವಾ ಚಕ್ಕೆ ಹಾರಿದ ಗುಳಿ ಬೆಳಕು ಬಿದ್ದಾಗ ಮಿನುಗುತ್ತಿದ್ದರೆ ಮಾತ್ರ ಹಳೆಯ ಛಾಯಾಗ್ರಾಹಕರ ಉಪಾಯವೊಂದುಂಟು. ಹೊಳಪಿಲ್ಲದ ಕಪ್ಪು ಬಣ್ಣವನ್ನು ಅಥವಾ ಚಿತ್ರಕಾರರ ಕಪ್ಪು ಶಾಯಿಯನ್ನು ಚೂಪಾದ ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು, ಭೂತಗನ್ನಡಿಯಲ್ಲಿ ನೋಡುತ್ತ ಆ ಗುಳಿಯೊಳಗಷ್ಟೇ ತುಂಬುವುದು. ಹೊರಗೆ ಹರಡಿದ್ದನ್ನು ಒಣಗುವ ಮೊದಲೇ ಒರೆಸಿಬಿಡುವುದು. ಬೆಳಕನ್ನು ಚೆದುರಿಸುತ್ತಿದ್ದ ಗೀರು ಈಗ ಬೆಳಕನ್ನು ನುಂಗಿ ಸುಮ್ಮನಾಗುತ್ತದೆ. ಇದು ಹೊರಗಿನ ಮುಂಗಾಜಿಗೆ ಮಾತ್ರ. ಮನೆಯಲ್ಲಿ ಲೆನ್ಸನ್ನು ಬಿಚ್ಚಲೇಬಾರದು.

ಸ್ಟುಡಿಯೊದ ಹಿರಿಯರು ಆ ಗೀರಿಗೆ ಕಪ್ಪು ತುಂಬುತ್ತಿದ್ದಾಗ ನನಗೆ ಓಲೆಗರಿಯ ನೆನಪಾಯಿತು. ನಮ್ಮ ಹಿರಿಯರು ಓಲೆಯ ಮೇಲೆ ಶಾಯಿಯಿಂದ ಬರೆದವರಲ್ಲ. ಕಬ್ಬಿಣದ ಕಂಠದಿಂದ ಗರಿಯ ಮೈಯನ್ನು ಕೊರೆದರು. ಕೊರೆದ ಅಕ್ಷರ ಬರಿಗಣ್ಣಿಗೆ ಸರಿಯಾಗಿ ಕಾಣದು. ಮೇಲೆ ಮಸಿ ಸವರಿ ಒರೆಸಿದಾಗ ಗೀರಿನಲ್ಲಿ ಮಸಿ ನಿಂತು ಅಕ್ಷರ ಎದ್ದು ಬರುತ್ತದೆ. ಗರಿಯ ಗೀರಿಗೆ ಮಸಿ ತುಂಬಿದರೆ ಅದು ಕಾಣುತ್ತದೆ, ಗಾಜಿನ ಗೀರಿಗೆ ಮಸಿ ತುಂಬಿದರೆ ಅದು ಅಡಗುತ್ತದೆ. ಇದನ್ನು ನಾನು ಹೇಳಿದಾಗ ಹುಡುಗ ಮೊದಲ ಬಾರಿಗೆ ತಲೆಯೆತ್ತಿ, “ಅಜ್ಜಾರ, ಹಂಗಾರ ಓಲಿ ಫೋಟೊ ಬರ್ತಾವೇನ್ರಿ?” ಎಂದ. ಅಕ್ಕನೇ ಉತ್ತರ ಕೊಟ್ಟಳು: “ಬರ್ತಾವ. ದೀಪ ಹಿಡಿಯಾಕ ನೀ ಬರಬೇಕು.”

ಗೀರಿನ ದೋಷ ಹೀಗೆ ಕಳೆಯಿತು. ಪೇಸ್ಟಿನ ಮಸುಕು ಉಳಿಯಿತು. ಅದಕ್ಕೆ ಮದ್ದಿಲ್ಲ. ಮುಂಗಾಜನ್ನೇ ಬದಲಿಸಹೊರಟರೆ ಅನೇಕ ವೇಳೆ ಹಳೆಯ ಲೆನ್ಸಿನ ಬೆಲೆಗಿಂತ ಖರ್ಚು ಹೆಚ್ಚು. ಹಾಗಾಗಿ ಅದರೊಂದಿಗೆ ಬಾಳುವ ದಾರಿ ಕಂಡುಕೊಂಡರು. ಕಪ್ಪು ಕಾಗದವನ್ನು ಸುರುಳಿ ಸುತ್ತಿ ಲೆನ್ಸಿನ ಮುಂದೆ ಮರೆಯಾಗಿ ಕಟ್ಟಿದರು. ಕಿಟಕಿ ಕ್ಯಾಮೆರಾಕ್ಕೆ ಎದುರಾಗದಂತೆ ಕುಳಿತರು. ದ್ವಾರವನ್ನು ಎಫ್/8ರಲ್ಲಿ ನಿಲ್ಲಿಸಿದರು. ಹುಡುಗ ದೀಪವನ್ನು ಪಕ್ಕದಿಂದ ತಗ್ಗಾಗಿ ಹಿಡಿದ. ಓರೆ ಬೆಳಕು ಬಿದ್ದಾಗ ಮಸಿ ಹಾರಿಹೋದ ಅಕ್ಷರಗಳ ಕೊರೆತವೂ ನೆರಳಿನಿಂದ ಎದ್ದು ಕಂಡಿತು. ಡೊಂಕಾದ ಗರಿಗಳನ್ನು ಬಲವಂತವಾಗಿ ನೆಟ್ಟಗೆ ಮಾಡಲಿಲ್ಲ. ಹೊಸದಾಗಿ ಮಸಿ ಸವರಲೂ ಇಲ್ಲ, ಅದು ತಜ್ಞರ ಕೆಲಸ. ನಾಲ್ಕು ದಿನಗಳಲ್ಲಿ ಉಳಿದ ಗರಿಗಳೆಲ್ಲವೂ ಚಿತ್ರಗಳಾದವು. ಫ.ಗು. ಹಳಕಟ್ಟಿಯವರು ಓಲೆಗರಿಗಳಿಗಾಗಿ ಊರೂರು ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದ ನಾಡು ಇದು. ಅವರು ತಲುಪದ ಎಷ್ಟು ಕಟ್ಟುಗಳು ಇನ್ನೂ ಜಗಲಿಗಳ ಮೇಲೆ ಕುಳಿತಿವೆಯೋ! ತಮ್ಮ ಮನೆಯಲ್ಲಿದ್ದರೆ ಗೀರು ಬಿದ್ದ ಲೆನ್ಸಿನಿಂದಲಾದರೂ ಸರಿ, ಮೊಬೈಲಿನಿಂದಲಾದರೂ ಸರಿ, ಮೊದಲು ಒಂದು ಚಿತ್ರ ತೆಗೆದಿಡಿರಿ. ಹೊಸ ಲೆನ್ಸು ಕೊಳ್ಳುವ ತನಕ ಹುಳು ಕಾಯುವುದಿಲ್ಲ.

ಒಂದು ಮಾತು ಉಳಿಯಿತು. ಅಂದು ಸ್ಟುಡಿಯೊದಿಂದ ಹಿಂದಿರುಗುವಾಗ ಆ ಹುಡುಗನಿಗೆ ನಾನು ಹೇಳಿದ್ದನ್ನು ತಮಗೂ ಹೇಳಬೇಕು. ಮಠದಲ್ಲಿ ಓದುತ್ತಿದ್ದಾಗ ನನಗೆ ಹನ್ನೆರಡು ವರ್ಷ. ನಮ್ಮ ಅಜ್ಜನವರಿಗೆ ಕಣ್ಣು ಮಂದವಾಗಿತ್ತು. ಹಿಡಿಕೆಯ ಭೂತಗನ್ನಡಿಯೊಂದರಿಂದ ಹಸ್ತಪ್ರತಿಗಳನ್ನು ಓದುತ್ತಿದ್ದರು. ಹಿತ್ತಾಳೆಯ ಪೂಜಾ ಪಾತ್ರೆಗಳನ್ನು ಬೂದಿ ಹಾಕಿ ಬೆಳಗುವುದು ನನ್ನ ಪಾಳಿಯ ಕೆಲಸ. ಪಾತ್ರೆಗಳ ಜೊತೆಯಲ್ಲಿ ಆ ಗಾಜನ್ನೂ ಬೂದಿ ಹಾಕಿ ತೆಂಗಿನ ನಾರಿನಿಂದ ಬೆಳಗಿಬಿಟ್ಟೆ, ಅಜ್ಜನವರು ಮೆಚ್ಚಿಯಾರೆಂದು. ಗಾಜು ಹಾಲಿನಂತಾಯಿತು. ನಾನು ಅದನ್ನು ಪುಸ್ತಕಗಳ ಹಿಂದೆ ಅಡಗಿಸಿಟ್ಟೆ. ಮೂರು ದಿನ ಅಜ್ಜನವರು ಓದಲಿಲ್ಲ. ಕನ್ನಡಿ ಎಲ್ಲಿಟ್ಟೆನೋ ಎಂದು ತಮ್ಮ ಮರೆವನ್ನೇ ಹಳಿದುಕೊಳ್ಳುತ್ತಿದ್ದರು. ನಾಲ್ಕನೆಯ ದಿನ ತಡೆಯಲಾರದೆ ತಂದು ಕಾಲ ಬಳಿ ಇಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, “ಈ ಅಂಚು ಚೊಲೋ ಉಳದೈತಿ ನೋಡಪ್ಪ,” ಎಂದರು. ಲಿಂಗೈಕ್ಯರಾಗುವ ತನಕ ಆ ಅಂಚಿನಿಂದಲೇ ಓದಿದರು. ಗಾಜು ಕೆಡಿಸಿದ್ದಕ್ಕೆ ನನಗೆ ಇಂದು ಅಷ್ಟು ನೋವಿಲ್ಲ. ನನ್ನ ಭಯದಿಂದ ಅವರ ಮೂರು ದಿನದ ಓದು ನಿಂತಿತಲ್ಲ, ಅದು ಇಂದಿಗೂ ಚುಚ್ಚುತ್ತದೆ.

ಹುಡುಗನ ಮೊದಲ ತಪ್ಪು ಆದದ್ದು ತೇರಿನ ಬೀದಿಯಲ್ಲಿ, ಒಂದು ಗಳಿಗೆಯಲ್ಲಿ. ಅದಕ್ಕೆ ಒಂದು ಹನಿ ಕಪ್ಪು ಸಾಕಾಯಿತು. ಎರಡನೆಯದು ಆದದ್ದು ರಾತ್ರಿ, ಬಾಗಿಲು ಹಾಕಿಕೊಂಡು, ಅದು ಉಳಿದುಬಿಟ್ಟಿತು. ಮಕ್ಕಳು ಕೆಡಿಸಿದ್ದನ್ನು ಆ ಸಂಜೆಯೇ ತಂದು ನಮ್ಮ ಮುಂದಿಡುವಷ್ಟು ಧೈರ್ಯ ಅವರಿಗೆ ನಮ್ಮ ಮನೆಗಳಲ್ಲಿ ಉಂಟೆ? ಇಲ್ಲವಾದರೆ ಆ ಎರಡನೆಯ ಮಸುಕಿನಲ್ಲಿ ಹಿರಿಯರ ಪಾಲೂ ಇದೆ.

ಕೊನೆಗೆ ಮಳೆಗಾಲದ ಎಚ್ಚರಿಕೆ. ಗಾಳಿಯ ತೇವ ನೂರಕ್ಕೆ 60–70ನ್ನು ಮೀರಿ ಬಹುದಿನ ನಿಂತಲ್ಲಿ ಲೆನ್ಸಿಗೂ ಓಲೆಗೂ ಬೂಷ್ಟು ಹಿಡಿಯುತ್ತದೆ. ಕ್ಯಾಮೆರಾವನ್ನು ತೊಗಲಿನ ಚೀಲದಲ್ಲಿ ಮುಚ್ಚಿಡದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಡಿರಿ. ಅದರ ಹರಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿರಿ. ತಿಂಗಳಿಗೊಮ್ಮೆಯಾದರೂ ಹೊರತೆಗೆದು ಗಾಳಿ ಬೆಳಕು ತೋರಿಸಿರಿ. ಜಗಲಿಯ ಮೇಲಿನ ಕಟ್ಟನ್ನೂ ಆಗಾಗ ಬಿಚ್ಚಿ ನೋಡಿರಿ. ಪೂಜಿಸಿದ್ದು ಸಾಕು, ಇನ್ನು ಓದೋಣ.